ಹಿತ್ತಲಲ್ಲಿಟ್ಟ ಎರಡು ತಟ್ಟೆ

ನನ್ನ ಮೊಮ್ಮಗಳ ಹೆಸರನ್ನು ನಿನ್ನೆ ಬೆಳಿಗ್ಗೆ ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮತ್ತೆ ಬರೆದುಕೊಂಡರು. ಹೋದ ವರ್ಷದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದ ಹೆಸರು, ಈ ವರ್ಷ ನೀಲಿ ಶಾಯಿಯಲ್ಲಿ, ದುಂಡಗೆ. ನಾನೇ ಕಣ್ಣಾರೆ ನೋಡಿದೆ. ಮೇಷ್ಟ್ರು ಆ ಹೆಸರು ಕೂಗಿದರು, ಅವಳು ಎದ್ದು ನಿಂತು "ಬಂದಿದೀನಿ ಸಾರ್" ಅಂದಳು. ಪಕ್ಕದ ಕೋಣೆಯ ಮೂರನೇ ಕ್ಲಾಸಿನ ಮಕ್ಕಳೆಲ್ಲ ತಿರುಗಿ ನೋಡುವ ಹಾಗೆ ಅಂದಳು. ನನಗೆ ಅಲ್ಲೇ ಬಾಗಿಲಲ್ಲಿ ಕುಣಿದುಬಿಡೋಣ ಅನ್ನಿಸಿತು. ಈ ವಯಸ್ಸಿನಲ್ಲಿ ಮಂಡಿ ಮಾತು ಕೇಳುವುದಿಲ್ಲ, ಅದಕ್ಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ.

ಸ್ಕೂಲಿಗೆ ಸೇರಿದ್ದಕ್ಕೆ ಇಷ್ಟೊಂದು ಸಂತೋಷವೇ ಅಂತ ಯಾರಾದರೂ ಕೇಳಬಹುದು. ಕೇಳಲಿ. ನನ್ನ ಸಂತೋಷದಲ್ಲಿ ಅರ್ಧ ಆ ಮಗುವಿನದು, ಉಳಿದರ್ಧ ಸೇಡಿನದು. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ. ಒಂದು ವರ್ಷ ನಾನು ಹಿತ್ತಲಲ್ಲಿ ಕೂತು ಉಂಡಿದ್ದೇನೆ. ನಿನ್ನೆ ಸಂಜೆ ನಡುಮನೆಯಲ್ಲಿ ಕೂತು ಉಂಡೆ. ಹಿತ್ತಲಿಗೂ ನಡುಮನೆಗೂ ಹದಿನೈದು ಹೆಜ್ಜೆ. ಆ ಹದಿನೈದು ಹೆಜ್ಜೆ ಹೇಗೆ ನಡೆದೆ ಅನ್ನುವುದನ್ನು ಬರೆಯುತ್ತೇನೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಬಂದಾಗಲೆಲ್ಲ ಮಗನನ್ನು ಕೂಗಿ ಕೇಳುತ್ತೇನೆ, ಅದಕ್ಕೆ ಬರವಣಿಗೆ ನಿಧಾನ. ಯಾರ ಹೆಸರನ್ನೂ ಬರೆಯುವುದಿಲ್ಲ. ಇದು ಹೆಸರಿನದೇ ಕತೆ, ಆದರೂ ಬರೆಯುವುದಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ನಮ್ಮದು ಮಾಗಡಿ ರಸ್ತೆಗೆ ಅಂಟಿಕೊಂಡ ಹಳೇ ಊರು. ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ರಾಜಾಜಿನಗರದ ಸೈಟು ಕಲ್ಲು ನೆಟ್ಟಿದ್ದಾರೆ. ಹೊಲ ಹೋದರೂ ಮನೆ ಪಾಲಾಗಿಲ್ಲ, ಒಲೆ ಒಂದೇ. ಮನೆಯ ಯಜಮಾನಿಕೆ ನನ್ನ ಭಾವನವರದು. ಭಾವನವರ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ನನಗಿಂತ ಆರು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನನಗೆ ಉಳಿದದ್ದು ಒಬ್ಬ ಮಗ. ಅವನು ಹೊಸ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಅವನ ಹೆಂಡತಿ ಬಾಯಿಲ್ಲದವಳು. ಅವರಿಬ್ಬರ ಮಗಳೇ ಈ ನನ್ನ ಮೊಮ್ಮಗಳು. ಈಗ ಏಳು ವರ್ಷ.

ಅವಳು ಹುಟ್ಟುವ ಹಿಂದಿನ ವರ್ಷ ನಮ್ಮ ಅತ್ತೆ ತೀರಿಕೊಂಡಿದ್ದರು. ಅತ್ತೆಯೇ ಮತ್ತೆ ಬಂದಳು ಅಂತ ಭಾವನವರು ಮಗುವಿಗೆ ತಮ್ಮ ತಾಯಿಯ ಹೆಸರನ್ನೇ ಇಟ್ಟರು. ಎಲ್ಲರಿಗೂ ಸಂತೋಷವಾಯಿತು. ಆದರೆ ತೊಟ್ಟಿಲಿಂದ ಎತ್ತಿದ ಮೇಲೆ ಆ ಹೆಸರು ಹಿಡಿದು ಕರೆಯುವವರು ಯಾರು? ಸೊಸೆಯರು ಅತ್ತೆಯ ಹೆಸರು ಹೇಳುವಂತಿಲ್ಲ. ನಾನು ಹೇಳುವಂತಿಲ್ಲ, ಅಕ್ಕ ಹೇಳುವಂತಿಲ್ಲ, ನನ್ನ ಸೊಸೆಯಂತೂ ಕನಸಿನಲ್ಲೂ ಹೇಳುವುದಿಲ್ಲ. ಗಂಡಸರಿಗೆ ಅದು ತಾಯಿಯ ಹೆಸರು, ಅಜ್ಜಿಯ ಹೆಸರು. ಅದನ್ನು ಹಿಡಿದು "ಏ ಬಾರೇ ಇಲ್ಲಿ" ಅನ್ನುವುದಕ್ಕೆ ಅವರಿಗೂ ನಾಲಿಗೆ ಏಳದು. ಹೀಗಾಗಿ ಹೆಸರು ಜಾತಕದಲ್ಲಿ ಉಳಿಯಿತು, ಮಗು ಮನೆಯಲ್ಲಿ ಬೆಳೆಯಿತು.

ಕೂಸಾಗಿದ್ದಾಗ ಅವಳು ಅತ್ತರೆ ರಸ್ತೆಯಲ್ಲಿ ಹೋಗುವ ಗಾಡಿಯವನು ಎತ್ತು ನಿಲ್ಲಿಸಿ ನೋಡುತ್ತಿದ್ದ. "ಇದೇನು ಮಾರಿ ಹಂಗೆ ಅರಚ್ತದೆ" ಅಂತ ಯಾರೋ ನಗುತ್ತಾ ಅಂದರು. ಅಲ್ಲಿಂದ ಅವಳು ಮಾರಿಯಾದಳು. ಮಾರಿ ಎದ್ದಳು, ಮಾರಿ ಬಿದ್ದಳು, ಮಾರಿಗೆ ಅನ್ನ ಹಾಕಿದಿರಾ. ಊರಿನವರಿಗೂ ಅದೇ ರೂಢಿಯಾಯಿತು.

ಮೂರು ವರ್ಷ ತುಂಬಿದ ಮೇಲೆ ಅವಳ ಹಟ ಶುರುವಾಯಿತು. ಮಕ್ಕಳ ಹಟ ನಾನು ನೋಡದ್ದಲ್ಲ. ಇದು ಬೇರೆ. ಬೇಡ ಅಂದದ್ದನ್ನು ನಮ್ಮ ಮುಖ ನೋಡುತ್ತಲೇ ಮಾಡುತ್ತಿದ್ದಳು. ಅಕ್ಕನ ಮೊಮ್ಮಕ್ಕಳನ್ನು ಕಚ್ಚುತ್ತಿದ್ದಳು. ತಟ್ಟೆ ಎಸೆಯುತ್ತಿದ್ದಳು, ನಡುರಸ್ತೆಯಲ್ಲಿ ಮಲಗಿಬಿಡುತ್ತಿದ್ದಳು. ಒಂದು ಸಲ ಬಂಡಿ ನಿಲ್ಲಿಸಿ ಅವಳನ್ನು ಎತ್ತಿ ಪಕ್ಕಕ್ಕಿಟ್ಟು ಹೋದರು. ಹೊಡೆದರೆ ಅಳುತ್ತಿರಲಿಲ್ಲ, ಇನ್ನೊಂದು ಮಡಕೆ ಹುಡುಕುತ್ತಿದ್ದಳು. ನಾನೂ ಹೊಡೆದಿದ್ದೇನೆ. ಅದನ್ನೂ ಬರೆದುಬಿಡುತ್ತೇನೆ.

ಆರು ತುಂಬಿದಾಗ ಭಾವನವರೇ ಕರೆದುಕೊಂಡು ಹೋಗಿ ಸ್ಕೂಲಿಗೆ ಸೇರಿಸಿ ಬಂದರು. ಮೂರನೇ ದಿನ ಮಧ್ಯಾಹ್ನ ಸ್ಕೂಲಿನ ಜವಾನ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಅವಳು ಸ್ಲೇಟು ಎಸೆದಿದ್ದಳು. ಮೇಷ್ಟ್ರ ಹುಬ್ಬು ಒಡೆದು ರಕ್ತ ಬಂದಿತ್ತು. ಕರೆದರೆ ಏಳುವುದಿಲ್ಲ, ಮೂರು ದಿನದಿಂದ ಅಹಂಕಾರ ಮಾಡ್ತಿದಾಳೆ, ಇನ್ನು ಕಳಿಸಬೇಡಿ ಅಂತ ಹೇಳಿಕಳಿಸಿದ್ದರು. ಹೆಸರು ಹೊಡೆದಾಗಿತ್ತು.

ಆ ವಾರ ಕೆಂಗೇರಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಮದುವೆ. ಎರಡು ದಿನಕ್ಕೆ ಅಂತ ಹೋದೆ. ಹೋಗಬಾರದಿತ್ತು.

ಹಿಂದಿರುಗಿ ಬಂದಾಗ ಮಗು ಕೊಟ್ಟಿಗೆಯ ಮೂಲೆಯಲ್ಲಿ ಕೂತಿತ್ತು. ಬಲಗಾಲಿನ ಮೀನಖಂಡದ ಮೇಲೆ ಮೂರು ಬರೆ. ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಕೆಂಡವಾದ ಮೇಲೆ ಅಕ್ಕ ತಾವೇ ಒತ್ತಿದ್ದರು. ನನ್ನ ಸೊಸೆಯ ಕೈಯಲ್ಲೇ ಮಗುವಿನ ಕಾಲು ಹಿಡಿಸಿದ್ದರು. ಮೈಮೇಲೆ ಬಂದದ್ದು ಬಿಟ್ಟುಹೋಗಲಿ ಅಂತ ಮಾಡಿದೆ, ನನ್ನ ಮೊಮ್ಮಕ್ಕಳಿಗಾಗಿದ್ದರೂ ಇದನ್ನೇ ಮಾಡುತ್ತಿದ್ದೆ ಅಂದರು. ಅವರ ಮೊಮ್ಮಕ್ಕಳ ಕಾಲು ನುಣ್ಣಗಿತ್ತು.

ಅದೇ ಸಂಜೆ ಭಾವನವರು ತೀರ್ಮಾನ ಹೇಳಿದರು. ಪಂಕ್ತಿಯಲ್ಲಿ ಕೂತರೆ ತಟ್ಟೆ ಎಸೆಯುತ್ತಾಳೆ, ಉಳಿದವರ ಊಟವೂ ಹಾಳು. ಇನ್ನು ಅವಳ ತಟ್ಟೆ ಹಿತ್ತಲ ಜಗಲಿಯಲ್ಲಿಡಿ. ನಾನು ಭಾವನವರಿಗೆ ಎಂದೂ ಎದುರು ಮಾತಾಡಿದವಳಲ್ಲ. ಅವತ್ತೂ ಆಡಲಿಲ್ಲ. ಮಗುವಿನ ತಟ್ಟೆ ಒಂದು ಕೈಯಲ್ಲಿ, ನನ್ನ ತಟ್ಟೆ ಇನ್ನೊಂದು ಕೈಯಲ್ಲಿ ತಗೊಂಡು ಹಿತ್ತಲಿಗೆ ಹೋದೆ. ಈ ಮನೆಯ ಪಂಕ್ತಿಗೆ ಅವಳನ್ನು ಇವರೇ ಕರೆಯುವ ತನಕ ನಾನೂ ಬರುವುದಿಲ್ಲ ಅಂತ ನಮ್ಮ ಹಿತ್ತಲ ಎಮ್ಮೆಯ ಮುಂದೆ ಆಣೆ ಇಟ್ಟೆ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅಕ್ಕನ ಜೊತೆ ಮಾತು ಬಿಟ್ಟೆ. ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಮಾತಿಲ್ಲದೆ ಹೇಗೆ ಅಂದರೆ, ಎಮ್ಮೆ ಇತ್ತಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿತ್ತಲ ಕಡೆಗೆ ಮುಖ ಮಾಡಿ ಹೇಳುತ್ತಿದ್ದೆ.

"ಎಮ್ಮೇ, ಕೆಲವರು ಸಾರಿಗೆ ಉಪ್ಪು ಎರಡು ಸಲ ಹಾಕವ್ರೆ. ಕೈ ಭಾರ ಅವರದು, ನಂಗೆ ಗೊತ್ತು."

ಅಕ್ಕ ಒಲೆ ಊದುತ್ತಾ ಒಲೆಗೇ ಉತ್ತರ ಕೊಡುತ್ತಿದ್ದರು. ಎಮ್ಮೆಗೆ ಸಾರು ಹಿಡಿಸದಿದ್ದರೆ ಹುಲ್ಲು ತಿನ್ನಲಿ ಅನ್ನುತ್ತಿದ್ದರು.

ಹಬ್ಬಕ್ಕೆ ನೆಂಟರು ಬಂದರೆ ನನಗೆ ಇನ್ನೂ ಖುಷಿ. ಹೊಸ ಸೀರೆ ಉಟ್ಟು, ಎಲ್ಲರೂ ನೋಡುವ ಹಾಗೆ ಎರಡು ಎಲೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಚಿಕ್ಕಮ್ಮ ಯಾಕೆ ಅಲ್ಲಿ ಅಂತ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಅಕ್ಕನ ಮುಖ ಸುಟ್ಟ ಬದನೆಕಾಯಿ ಆಗುತ್ತಿತ್ತು. ನನಗೆ ಆ ದಿನದ ಒಬ್ಬಟ್ಟು ಇನ್ನಷ್ಟು ಸಿಹಿ.

ಆದರೆ ಸೇಡು ತೀರಿಸಿಕೊಂಡರೆ ಮಗು ಸರಿಹೋಗುವುದಿಲ್ಲ. ಅದಕ್ಕೆ ದಾರಿ ತೋರಿಸಿದವರು ನರ್ಸಮ್ಮ. ಬಾಣಂತಿಯರನ್ನು ನೋಡಲು ವಾರಕ್ಕೊಂದು ದಿನ ನಮ್ಮೂರಿಗೆ ಬರುತ್ತಿದ್ದರು. ಬರೆ ಕೀವು ಕಟ್ಟಿತ್ತು ಅಂತ ಮಗುವನ್ನು ಎತ್ತಿಕೊಂಡು ಹೋದೆ. ಅವರು ಗಾಯ ತೊಳೆದು, ಬರೆದುಕೊಳ್ಳುವುದಕ್ಕೆ ಹೆಸರು ಕೇಳಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವಿಯನ್ನು ತೋರಿಸಿದೆ. ಗಂಡನ ಹೆಸರು, ಅತ್ತೆಯ ಹೆಸರು ಕೇಳಿದಾಗ ಹೆಂಗಸರು ಹೀಗೆ ತೋರಿಸುವುದು ಅವರಿಗೆ ಅಭ್ಯಾಸವಾಗಿತ್ತು. ಒಂದೊಂದೇ ಹೆಸರು ಊಹಿಸುತ್ತಾ ಹೋಗಿ, ಮೂರನೆಯದಕ್ಕೆ ಸರಿಯಾಗಿ ಹೇಳಿದರು. ಬರೆದುಕೊಂಡು, ಮಗುವಿನ ಕಡೆ ತಿರುಗಿ ಆ ಹೆಸರು ಹಿಡಿದು ಕರೆದರು.

ಮಗು ಕಲ್ಲು ಜೋಡಿಸುತ್ತಾ ಕೂತಿತ್ತು. ತಲೆ ಎತ್ತಲಿಲ್ಲ. ಇನ್ನೊಂದು ಸಲ ಕರೆದರು. ಇಲ್ಲ. ಹಿಂದೆ ಹೋಗಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ತಟ್ಟನೆ ತಿರುಗಿತು.

"ಕಿವಿ ಚೆನ್ನಾಗಿದೆ" ಅಂದರು ನರ್ಸಮ್ಮ. ಆಮೇಲೆ ನನ್ನನ್ನೇ ನೋಡಿದರು. "ಅಮ್ಮಾ, ಈ ಮಗೂಗೆ ತನ್ನ ಹೆಸರೇ ಗೊತ್ತಿಲ್ವಲ್ಲ."

ಸ್ಕೂಲಲ್ಲಿ ಏನಾಯಿತು ಮಗಳೇ ಅಂತ ಅವತ್ತು ಮೊದಲ ಸಲ ಕೇಳಿದೆ. ಅಷ್ಟು ದಿನ ಯಾರೂ ಕೇಳಿರಲಿಲ್ಲ. ಬೈದಿದ್ದೆವು ಅಷ್ಟೇ.

ಅವಳು ಕಲ್ಲಿನ ಮೇಲೆ ಕಲ್ಲಿಡುತ್ತಾ ಹೇಳಿದಳು. "ಮೇಷ್ಟ್ರು ಯಾರನ್ನೋ ಕರೀತಿದ್ರು. ದಿನಾ ಕರೀತಿದ್ರು. ಅವಳು ಬರ್ಲೇ ಇಲ್ಲ. ಅದಕ್ಕೆ ನಂಗೆ ಹೊಡೆದ್ರು."

ಆ ದಿನ ಮನೆಗೆ ಬರುವ ದಾರಿಯಲ್ಲಿ, ಸೈಟು ಕಲ್ಲುಗಳ ನಡುವೆ ಯಾರೂ ಇಲ್ಲದ ಕಡೆ ನಿಂತು, ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಮದುವೆಯಾಗಿ ಬಂದಾಗಿನಿಂದ ಹೇಳಿರಲಿಲ್ಲ. ಅತ್ತೆ ಎಲ್ಲಾದರೂ ಕಲ್ಲಿನ ಹಿಂದೆ ನಿಂತು ಕೇಳಿಸಿಕೊಂಡರೇನೋ ಅಂತ ಸುತ್ತ ನೋಡಿದೆ. ಆಮೇಲೆ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದು ನೀನು ಕಣೇ, ಮೇಷ್ಟ್ರು ಕರೆದದ್ದು ನಿನ್ನನ್ನೇ ಅಂದೆ. ಅವಳು ನಂಬಲಿಲ್ಲ. ನಾನು ಮಾರಿ ಅಂದಳು.

ಹೆಸರು ಹೇಳಿಕೊಟ್ಟ ಮರುದಿನವೇ ಅವಳು ಬಂಗಾರವಾದಳು ಅಂತ ಬರೆದರೆ ಸುಳ್ಳಾಗುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಸಿಟ್ಟು ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ, ಅದು ದೆವ್ವವೂ ಅಲ್ಲ ಕೊಬ್ಬೂ ಅಲ್ಲ ಅಂತ ನರ್ಸಮ್ಮ ಹೇಳಿದ್ದರು. ಉಕ್ಕಿದ ಮೇಲೆ ಬೈದು ಫಲವಿಲ್ಲ, ಉಕ್ಕುವ ಮುಂಚೆ ಏನಾಯಿತು ಅನ್ನುವುದನ್ನು ನೋಡಿಕೊಳ್ಳಿ ಅಂದಿದ್ದರು. ದಿನಾ ಕೂತು ಬರೆದಿಡುವಷ್ಟು ಬರವಣಿಗೆ ನನಗೆ ಬಾರದು. ದಿನಾ ಹಾಕುವ ವರ್ತನೆ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಸುಣ್ಣದ ಬೊಟ್ಟು ಇಡುತ್ತೇವಲ್ಲ, ಹಾಗೇ ಹಿತ್ತಲ ಗೋಡೆಯ ಮೇಲೆ ಇದ್ದಲಿನಲ್ಲಿ ಗೆರೆ ಎಳೆದೆ. ಒಂದು ರಂಪಕ್ಕೆ ಒಂದು ಗೆರೆ. ದೂರದಿಂದ ಅರಚಿ ಕರೆದಾಗ ಆಗಿದ್ದರೆ ಪಕ್ಕದಲ್ಲಿ ಸೊನ್ನೆ. ಆಟದ ನಡುವೆ ರಟ್ಟೆ ಹಿಡಿದು ಎಳೆದಿದ್ದರೆ ಕತ್ತರಿ ಗುರುತು. ಹಸಿದಿದ್ದರೆ ಒಂದು ಬೊಟ್ಟು.

ಮೊದಲ ತಿಂಗಳು ಗೋಡೆ ಸಾಲಲಿಲ್ಲ. ಸೊನ್ನೆಗಳೋ ಸೊನ್ನೆಗಳು. ಒಂದು ದಿನ ನಾನು ನರ್ಸಮ್ಮನ ಹತ್ತಿರ ಹೋಗಿದ್ದಾಗ ಅಕ್ಕ ಗೋಡೆಗೆ ಸಗಣಿ ಸಾರಿಸಿಬಿಟ್ಟರು. ಗೋಡೆ ಗಲೀಜಾಗಿತ್ತು ಅಂತ ಒಲೆಗೆ ಹೇಳಿದರು. ನಾನು ಎಮ್ಮೆಗೂ ಏನೂ ಹೇಳಲಿಲ್ಲ. ಸಗಣಿ ಒಣಗುವ ತನಕ ಕಾದು, ನೆನಪಿದ್ದಷ್ಟನ್ನೂ ಮತ್ತೆ ಎಳೆದೆ. ಈ ಸಲ ದಪ್ಪಗೆ. ಅದನ್ನೂ ಅವರ ಲೆಕ್ಕಕ್ಕೇ ಸೇರಿಸಿಕೊಂಡೆ.

ಗೋಡೆ ನೋಡಿ ಒಂದೊಂದೇ ಕಲಿತೆ. ದೂರದಿಂದ ಕೂಗುವುದು ಬಿಟ್ಟೆ. ಹತ್ತಿರ ಹೋಗಿ, ಹೆಸರು ಹೇಳಿ, ಒಂದೇ ಒಂದು ಮಾತು ಹೇಳಿ ಸುಮ್ಮನೆ ನಿಲ್ಲುವುದು. ಕಲ್ಲಾಟ ನಿಲ್ಲಿಸಬೇಕಾದರೆ, ಇನ್ನು ಐದು ಕಲ್ಲು ಜೋಡಿಸಿ ಏಳು ಅಂತ ಮುಂಚೆಯೇ ಹೇಳುವುದು. ಬೇಡ ಅಂದದ್ದು ಬೇಡವೇ, ಅವಳು ನೆಲಕ್ಕೆ ಬಿದ್ದು ಹೊರಳಿದರೂ ಬೇಡವೇ, ಆದರೆ ನಾನು ಕೈ ಎತ್ತುವುದಿಲ್ಲ. ಇದು ಬಲು ಕಷ್ಟ. ನನ್ನ ಎಡಗೈ ಮೇಲೆ ನಾಲ್ಕು ಹಲ್ಲಿನ ಗುರುತಿದೆ, ಈಗಲೂ ಚಳಿಗೆ ನವೆಯಾಗುತ್ತದೆ. ಕಚ್ಚಿದ ದಿನ ಎತ್ತಿದ ಬಲಗೈಯನ್ನು ಹಾಗೇ ಎಮ್ಮೆಯ ಬೆನ್ನ ಮೇಲಿಟ್ಟು ನಿಂತಿದ್ದೆ. ಅವಳು ನೋಡುತ್ತಿದ್ದಳು. ಪೆಟ್ಟು ಬೀಳಲಿಲ್ಲ ಅಂತ ಅವಳಿಗೇ ಆಶ್ಚರ್ಯ.

ಹಾಲು ಕರೆಯುವ ಹೊತ್ತಿನಲ್ಲಿ ಒಂದು ಗೆರೆಯೂ ಬಿದ್ದಿಲ್ಲ ಅನ್ನುವುದೂ ಗೋಡೆಯಲ್ಲೇ ಕಂಡಿತು. ಅದಕ್ಕೆ ಎಮ್ಮೆಯನ್ನು ಅವಳಿಗೇ ಒಪ್ಪಿಸಿದೆ. ಮೈ ತೊಳೆಯುವುದು, ಕರುವನ್ನು ಬಿಡುವುದು, ಮೊದಲ ನೊರೆ ಹಾಲು ಕುಡಿಯುವುದು ಅವಳದೇ. ಸರಿಯಾಗಿ ಮಾಡಿದರೆ ಮಾಡಿದೆ ಕಣೇ ಅಂತ ಹೆಸರು ಹಿಡಿದು ಹೇಳುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಆ ಹೆಸರಿಗೆ ತಿರುಗಲು ಶುರುಮಾಡಿದಳು. ಸಂಕ್ರಾಂತಿಗೆ ಗೋಡೆಯ ಗೆರೆ ಅರ್ಧಕ್ಕಿಳಿದವು. ಯುಗಾದಿಯಲ್ಲಿ ಒಮ್ಮೆ ಮತ್ತೆ ಏರಿದವು, ನಾನು ಮುಖ ತಿರುಗಿಸಿ ಅತ್ತೆ. ಈ ಹೋದ ತಿಂಗಳು ಪೂರ್ತಿ ಎರಡೇ ಗೆರೆ.

ಅದಕ್ಕೇ ನಿನ್ನೆ ಸ್ಕೂಲಿಗೆ ಹೋದೆ. ಮೇಷ್ಟ್ರ ಹುಬ್ಬಿನ ಮೇಲೆ ಕಲೆ ಇದೆ. ಅವರಿಗೆ ಹೇಳಲು ಒಂದು ವರ್ಷದಿಂದ ಮಾತು ಮಸೆದಿಟ್ಟಿದ್ದೆ. ಮೊದಲ ಮಾತಲ್ಲೇ ಖಾಲಿಯಾಯಿತು. ಸಾರ್, ಈ ಮಗು ತನ್ನ ಹೆಸರು ಕೇಳಿಯೇ ಇರಲಿಲ್ಲ, ನೀವು ಬೇರೆ ಯಾರನ್ನೋ ಕರೀತಿದೀರಿ ಅಂದುಕೊಂಡಿತ್ತು ಅಂದೆ. ಅವರು ಹುಬ್ಬಿನ ಕಲೆ ಸವರಿಕೊಂಡರು. ಆಮೇಲೆ, ನಾನೂ ಒಂದು ಮಾತು ಕೇಳಬೇಕಾಗಿತ್ತು ಅಂತ ಹೇಳಿ ಹಾಜರಿ ಪುಸ್ತಕ ತೆಗೆದರು. ಮುಂದಿನದನ್ನು ಮೊದಲೇ ಬರೆದಿದ್ದೇನೆ.

ಮೇಷ್ಟ್ರ ಲೆಕ್ಕ ಅಲ್ಲಿಗೆ ಮುಗಿಯಿತು. ಅಕ್ಕನದು ಬಾಕಿ ಇತ್ತು.

ಸಂಜೆ ನಾನೇ ಒಲೆ ಹಚ್ಚಿದೆ. ಹುರುಳಿಕಾಳಿನ ಬಸ್ಸಾರು, ಮುದ್ದೆ, ಮೇಲೆ ಒಬ್ಬಟ್ಟು. ಹಬ್ಬವೂ ಇಲ್ಲ ಏನೂ ಇಲ್ಲ, ಒಬ್ಬಟ್ಟು ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಗ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದ. ಭಾವನವರು, ಮಗ, ಸೊಸೆ, ಅಕ್ಕನ ಮೊಮ್ಮಕ್ಕಳು ನಡುಮನೆಯಲ್ಲಿ ಸಾಲಾಗಿ ಕೂತರು. ಬಡಿಸಲು ಅಕ್ಕ ನಿಂತರು. ನಾನು ಎಂದಿನ ಹಾಗೆ ಎರಡು ತಟ್ಟೆ ತಗೊಂಡೆ. ಹಿತ್ತಲಿಗೆ ಹೋಗಲಿಲ್ಲ. ಪಂಕ್ತಿಯ ಕೊನೆಯಲ್ಲಿ ಎರಡನ್ನೂ ಇಟ್ಟು, ಮೊಮ್ಮಗಳ ಕೈ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತೆ. ಒಂದು ವರ್ಷದ ಮೇಲೆ ಅಕ್ಕನ ಮುಖ ನೋಡಿ ಮಾತಾಡಿದೆ.

"ಅಕ್ಕ, ಕರೀರಿ."

"ಯಾರನ್ನ?"

"ಇವಳನ್ನ. ಊಟಕ್ಕೆ. ಹೆಸರು ಹಿಡಿದು."

ಅಕ್ಕ ಸೌಟು ಹಿಡಿದುಕೊಂಡು ಭಾವನವರ ಕಡೆ ನೋಡಿದರು. ಭಾವನವರು ಮುದ್ದೆಯ ಮೇಲಿಟ್ಟ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಜಮಾನರು ಉಣ್ಣದೆ ಯಾರೂ ಉಣ್ಣುವ ಹಾಗಿಲ್ಲ. ಬಸ್ಸಾರು ಆರುತ್ತಾ ಇತ್ತು.

"ಅತ್ತೆಮ್ಮನ ಹೆಸರು ನನ್ನ ಬಾಯಲ್ಲಿ ಹೆಂಗೆ ಬತ್ತದೆ?"

"ಬರೆ ಹಾಕೋಕೆ ಕೈ ಬಂತಲ್ಲ. ಬಾಯಿಗೇನಾಗಿದೆ?"

ಅಕ್ಕನಿಗೂ ಸಿಟ್ಟು ಬಂತು. ಅವರು ಸುಮ್ಮನೆ ಬಿಡುವವರಲ್ಲ, ಅದು ನನಗೆ ಗೊತ್ತಿತ್ತು.

"ಎಲ್ಲಾ ನನ್ನ ಮೇಲೇ ಹಾಕು. ಮೊದಲು ಮಾರಿ ಅಂದಿದ್ದು ಯಾರೇ? ನಾನಾ?"

ಮೇಲೆ ಯಾರೋ ನಗುತ್ತಾ ಅಂದರು ಅಂತ ಬರೆದಿದ್ದೆನಲ್ಲ. ಆ ಯಾರೋ ನಾನೇ. ಒಂದು ವರ್ಷದಿಂದ ಈ ಮಾತು ಯಾವತ್ತು ಬಂದೀತು ಅಂತ ಹೆದರಿಕೊಂಡೇ ಇದ್ದೆ. ಬಂದ ಮೇಲೆ ಹೆದರಿಕೆ ಹೋಯಿತು.

"ನಾನೇ ಅಂದಿದ್ದು ಅಕ್ಕ. ಅದಕ್ಕೇ ಒಂದು ವರ್ಷ ಹಿತ್ತಲಲ್ಲಿ ಕೂತು ಉಂಡೆ. ನೀವೆಷ್ಟು ದಿನ ಕೂತಿದ್ರಿ?"

ನನ್ನ ಸೊಸೆ, ಆ ಬಾಯಿಲ್ಲದವಳು, ತಲೆ ತಗ್ಗಿಸಿಕೊಂಡೇ ಅಂದಳು. "ಕರೀರಿ ದೊಡ್ಡತ್ತೆ. ಅವತ್ತು ಕಾಲು ಹಿಡಿದೋಳು ನಾನು. ನಂಗೂ ಕೇಳಿಸ್ಬೇಕು."

ಅಕ್ಕ ಸೌಟನ್ನು ಪಾತ್ರೆಗೆ ಬಿಟ್ಟರು. ತುಟಿಯಲ್ಲೇ ಹೆಸರು ಹೇಳಿದರು.

"ಇವಳಿಗೆ ಕೇಳಿಸ್ಲಿಲ್ಲ" ಅಂದೆ.

ಇನ್ನೊಂದು ಸಲ ಹೇಳಿದರು. ಮುಂದೆ ಕೂತ ಭಾವನವರಿಗೆ ಕೇಳಿಸಿತು. ಅವರ ತಾಯಿಯ ಹೆಸರು, ಅವರ ಹೆಂಡತಿಯ ಬಾಯಲ್ಲಿ. ಅವರು ತಲೆ ಎತ್ತಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

"ಮೇಷ್ಟ್ರು ಇದಕ್ಕಿಂತ ಜೋರಾಗಿ ಕರೆದ್ರು ಅಕ್ಕ."

ಮೂರನೇ ಸಲ ಅಕ್ಕ ಕೂಗಿಯೇ ಬಿಟ್ಟರು. ಸಿಟ್ಟಿನಲ್ಲೋ ಅವಮಾನದಲ್ಲೋ, ಪೂರ್ತಿ ಹೆಸರು, ಬೀದಿಗೆ ಕೇಳುವಷ್ಟು.

ನನ್ನ ಮೊಮ್ಮಗಳು ನನ್ನ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತಳು.

"ಬಂದಿದೀನಿ ಸಾರ್."

ಮೊದಲು ನಕ್ಕವನು ನನ್ನ ಮಗ. ಆಮೇಲೆ ಮಕ್ಕಳು. ಭಾವನವರ ಭುಜ ಅಲುಗಾಡುವುದು ಕಂಡಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಕ್ಕರೋ ಅತ್ತರೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವುದೂ ಬೇಕಿರಲಿಲ್ಲ. ನಾಲ್ಕನೇ ಸಲ ಕರೆಸಬೇಕು, ಕಾಲಿನ ಕಲೆ ತೋರಿಸಿ ಎಲ್ಲರ ಮುಂದೆ ಮುಟ್ಟಿಸಬೇಕು ಅಂತ ಮನಸ್ಸಿನಲ್ಲಿ ಇನ್ನೂ ಏನೇನೋ ಇಟ್ಟುಕೊಂಡಿದ್ದೆ. ಆದರೆ ಅಷ್ಟರಲ್ಲಿ ಅವಳು ಹದಿನೈದು ಹೆಜ್ಜೆಯನ್ನು ಓಡಿಯೇ ದಾಟಿ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ನನ್ನೊಬ್ಬಳನ್ನೇ ಹಿತ್ತಲ ಬಾಗಿಲಲ್ಲಿ ಬಿಟ್ಟು ಹೋದಳಲ್ಲ ಅಂತ ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಆ ಹೆಸರನ್ನು ನಿನ್ನೆಯಿಂದ ಈ ಮನೆಯಲ್ಲಿ ಎಲ್ಲರೂ ಬಾಯಿಬಿಟ್ಟು ಹೇಳುತ್ತಿದ್ದಾರೆ. ಕೈಯಲ್ಲಿ ಬರೆಯುವುದಕ್ಕೆ ಮಾತ್ರ ನನಗೆ ಇನ್ನೂ ಧೈರ್ಯ ಸಾಲದು. ಅತ್ತೆ ಬಲು ಜೋರಿನವರಾಗಿದ್ದರು.

ಅಕ್ಕ ಬಡಿಸಿಕೊಂಡು ಬಂದರು. ಮೊಮ್ಮಗಳ ತಟ್ಟೆಗೆ ಮುದ್ದೆ ಹಾಕಿದರು, ನಡುವೆ ಗುಳಿ ಮಾಡಿ ತುಪ್ಪ ಬಿಟ್ಟರು. ಸಾರು ಹಾಕುವಾಗ ಸೌಟು ವಾಲಿ ಎರಡು ಹನಿ ಅವಳ ಲಂಗದ ಮೇಲೆ ಬಿತ್ತು. ನಾನು ತಟ್ಟೆಯನ್ನೇ ನೋಡುತ್ತಿದ್ದೆ. ತಟ್ಟೆ ಅಲ್ಲೇ ಇತ್ತು.

"ದೊಡ್ಡಜ್ಜಿ, ಉಪ್ಪು ಸರಿಯಾಗೇ ಅದೆ" ಅಂದಳು ಮೊಮ್ಮಗಳು. "ಇನ್ನೊಂಚೂರು ಸಾರು ಹಾಕಿ."

ಅಕ್ಕ ಹಾಕಿದರು. ಭಾವನವರು ಮುದ್ದೆ ಮುರಿದರು, ಎಲ್ಲರೂ ಮುರಿದರು. ಬಡಿಸುವುದು ಮುಗಿದ ಮೇಲೆ ಅಕ್ಕ ತಮ್ಮ ತಟ್ಟೆ ತಂದು, ಬೇರೆ ಜಾಗವಿಲ್ಲದ್ದರಿಂದ, ನನ್ನ ಪಕ್ಕದಲ್ಲೇ ಕೂತು ಉಂಡರು.